ಢಾಕಾ ಅತಿಸಾರ ರೋಗ ಕಣ್ಗಾವಲು ವ್ಯವಸ್ಥೆ

ಢಾಕಾ ಅತಿಸಾರ ರೋಗ ಕಣ್ಗಾವಲು ವ್ಯವಸ್ಥೆಯು ಬಾಂಗ್ಲಾದೇಶದ ರಾಜಧಾನಿ ಢಾಕಾದಲ್ಲಿರುವ ಅಂತರರಾಷ್ಟ್ರೀಯ ಅತಿಸಾರ ರೋಗ ಸಂಶೋಧನಾ ಕೇಂದ್ರವು (ಐಸಿಡಿಡಿಆರ್‌ಬಿ) ತನ್ನ ಆಸ್ಪತ್ರೆಯಲ್ಲಿ 1979ರಿಂದ ನಡೆಸಿಕೊಂಡು ಬಂದಿರುವ ರೋಗ ದಾಖಲಾತಿಯ ಕ್ರಮವಾಗಿದೆ. ವಾಂತಿಭೇದಿಯಿಂದ ಬಳಲಿ ಚಿಕಿತ್ಸೆಗೆ ಬರುವವರಲ್ಲಿ ಪ್ರತಿ ಐವತ್ತನೆಯ ರೋಗಿಯನ್ನು ಆರಿಸಿ, ಆ ರೋಗಿಯ ಮಲದ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಮನೆ, ಕುಡಿಯುವ ನೀರು, ಆಹಾರ, ಮೊದಲೇ ಸೇವಿಸಿದ ಔಷಧ ಮುಂತಾದ ವಿವರಗಳನ್ನು ಬರೆದಿಡುವುದು ಇದರ ತಿರುಳು. ಕಾಲರಾ ಮತ್ತು ಇತರ ಕರುಳುಬೇನೆಗಳ ಬಗ್ಗೆ ನಾಲ್ಕು ದಶಕಗಳಿಗೂ ಮೀರಿ ಒಂದೇ ಅಳತೆಗೋಲಿನಿಂದ ಸಂಗ್ರಹಿಸಿದ ಇಂತಹ ದಾಖಲೆ ಜಗತ್ತಿನಲ್ಲಿ ವಿರಳ. ಸಂಶೋಧನಾ ಸಂಸ್ಥೆಯೊಂದು ನೀಡುವ ಚಿಕಿತ್ಸೆಯೇ ರೋಗ ಕಣ್ಗಾವಲಿಗೆ ಹೇಗೆ ಆಧಾರವಾಗುತ್ತದೆ ಎಂಬುದಕ್ಕೆ ಈ ವ್ಯವಸ್ಥೆಯನ್ನು ಉದಾಹರಣೆಯಾಗಿ ನೀಡಲಾಗುತ್ತದೆ.

ರೋಗ ಕಣ್ಗಾವಲು ಎಂದರೆ ಯಾವ ರೋಗ, ಯಾರಿಗೆ, ಎಲ್ಲಿ, ಯಾವಾಗ ಬರುತ್ತಿದೆ ಎಂಬ ಮಾಹಿತಿಯನ್ನು ಬಿಡುವಿಲ್ಲದೆ ಕಲೆಹಾಕಿ, ವಿಶ್ಲೇಷಿಸಿ, ಕ್ರಮ ಕೈಗೊಳ್ಳಬೇಕಾದವರಿಗೆ ತಲುಪಿಸುವ ಕಾರ್ಯ. ಸಾಂಕ್ರಾಮಿಕ ಬಂದಾಗ ಒಮ್ಮೆ ನಡೆಸುವ ತನಿಖೆ ಇದಲ್ಲ. ರೋಗವಿಲ್ಲದ ದಿನಗಳಲ್ಲೂ ನಡೆಯುತ್ತಲೇ ಇರಬೇಕಾದದ್ದು.

ಹಿನ್ನೆಲೆ

ಸಂಸ್ಥೆಯ ಮೂಲ 1960ರಲ್ಲಿ ಆಗಿನ ಪೂರ್ವ ಪಾಕಿಸ್ತಾನದ ಢಾಕಾದಲ್ಲಿ ಆರಂಭವಾದ ಕಾಲರಾ ಸಂಶೋಧನಾ ಪ್ರಯೋಗಾಲಯ. ಆಗ್ನೇಯ ಏಷ್ಯಾ ಒಪ್ಪಂದ ಸಂಘಟನೆಯ (ಸೀಟೊ) ನೆರವಿನಿಂದ ಅದು ಹುಟ್ಟಿಕೊಂಡಿತು. ಶೀತಲ ಸಮರದ ಕಾಲದ ಸೈನಿಕ ಮೈತ್ರಿಕೂಟವೊಂದು ಬಂಗಾಳದ ಬಡವರ ವಾಂತಿಭೇದಿಗೆ ಹಣ ಕೊಟ್ಟದ್ದು ಇತಿಹಾಸದ ವಿಚಿತ್ರ ತಿರುವುಗಳಲ್ಲಿ ಒಂದು. ಮರುವರ್ಷವೇ, 1961ರಲ್ಲಿ, ಇಂಡೋನೇಷ್ಯಾದಲ್ಲಿ ಎಲ್ ಟಾರ್ ಎಂಬ ಬಗೆಯ ಕಾಲರಾ ಕಾಣಿಸಿಕೊಂಡು ಏಳನೆಯ ಜಾಗತಿಕ ಕಾಲರಾ ಪಿಡುಗು ಆರಂಭವಾಯಿತು.

1963ರಲ್ಲಿ ಢಾಕಾದ ಆಗ್ನೇಯಕ್ಕೆ ಸುಮಾರು 55 ಕಿ.ಮೀ. ದೂರದಲ್ಲಿ, ನದಿ ಕಾಲುವೆಗಳಿಂದ ಸುತ್ತುವರಿದ ಮತ್ಲಬ್ ಎಂಬಲ್ಲಿ ಕ್ಷೇತ್ರಕೇಂದ್ರವನ್ನು ತೆರೆಯಲಾಯಿತು. ಕಾಲರಾ ಲಸಿಕೆಗಳ ಪರೀಕ್ಷೆ ಆಗಿನ ಮುಖ್ಯ ಉದ್ದೇಶವಾಗಿತ್ತು. 1971ರ ವಿಮೋಚನಾ ಯುದ್ಧದ ಕಾಲದಲ್ಲೂ ಮತ್ಲಬ್‌ನ ಜನನ ಮರಣಗಳ ದಾಖಲೆ ಉಳಿದುಕೊಂಡು ಬಂದಿತು. ಯುದ್ಧವು ಒಂದು ಗ್ರಾಮೀಣ ಪ್ರದೇಶದ ಜನಸಂಖ್ಯೆಯ ಮೇಲೆ ಬೀರಿದ ಪರಿಣಾಮವನ್ನು ಮುಂದೆ ಆ ದಾಖಲೆಗಳಿಂದಲೇ ಲೆಕ್ಕ ಹಾಕಲು ಸಾಧ್ಯವಾಯಿತು. 1978ರಲ್ಲಿ ಬಾಂಗ್ಲಾದೇಶ ಸರ್ಕಾರ ಹೊರಡಿಸಿದ ಸುಗ್ರೀವಾಜ್ಞೆಯ ಮೂಲಕ ಪ್ರಯೋಗಾಲಯವು ಅಂತರರಾಷ್ಟ್ರೀಯ ಸಂಸ್ಥೆಯಾಗಿ ಮಾರ್ಪಟ್ಟಿತು. ಕಣ್ಗಾವಲು ವ್ಯವಸ್ಥೆ ಆರಂಭವಾದದ್ದು ಇದರ ಮರುವರ್ಷ.

ಆಸ್ಪತ್ರೆ ಮತ್ತು ಚಿಕಿತ್ಸೆ

ಢಾಕಾದ ಮೊಹಾಖಾಲಿಯಲ್ಲಿರುವ ಆಸ್ಪತ್ರೆಯನ್ನು ಊರಿನವರು ಇಂದಿಗೂ ‘ಕಾಲರಾ ಆಸ್ಪತ್ರೆ’ ಎಂದೇ ಕರೆಯುತ್ತಾರೆ. ಸಂಸ್ಥೆಯ ಉದ್ದನೆಯ ಹೆಸರು ಗೊತ್ತಿಲ್ಲದ ರಿಕ್ಷಾವಾಲನಿಗೂ ಈ ಹೆಸರು ಗೊತ್ತು. ಇಲ್ಲಿ ಚಿಕಿತ್ಸೆ ಉಚಿತ. ವರ್ಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿದ ರೋಗಿಗಳು ಬರುತ್ತಾರೆ. ರೋಗ ಹೆಚ್ಚುವ ತಿಂಗಳುಗಳಲ್ಲಿ ವಾರ್ಡುಗಳು ಸಾಲದೆ ಆವರಣದಲ್ಲಿ ಡೇರೆಗಳನ್ನು ಹಾಕಲಾಗುತ್ತದೆ.

ತೀವ್ರ ಕಾಲರಾ ತಗುಲಿದ ವಯಸ್ಕನ ದೇಹದಿಂದ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೊರಹೋಗಬಹುದು. ಚಿಕಿತ್ಸೆ ಸಿಗದಿದ್ದರೆ ಅಂತಹವರಲ್ಲಿ ಅರ್ಧದಷ್ಟು ಮಂದಿ ಸಾಯಬಹುದು; ಸಕಾಲದಲ್ಲಿ ಸಿಕ್ಕರೆ ಸಾವಿನ ಪ್ರಮಾಣ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದ್ದರಿಂದ ಬಾಗಿಲಲ್ಲೇ ದಾದಿಯರು ರೋಗಿಯ ಕಣ್ಣು, ನಾಲಗೆ, ಚರ್ಮದ ಸೆಡವು, ನಾಡಿಬಡಿತಗಳನ್ನು ನೋಡಿ ನಿರ್ಜಲೀಕರಣ ಇಲ್ಲ, ಸ್ವಲ್ಪ ಇದೆ, ತೀವ್ರವಾಗಿದೆ ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ತೀವ್ರವಾಗಿದ್ದವರಿಗೆ ತಕ್ಷಣವೇ ರಕ್ತನಾಳದ ಮೂಲಕ ದ್ರವ ನೀಡಲಾಗುತ್ತದೆ. ‘ಢಾಕಾ ದ್ರಾವಣ’ ಎಂದೇ ಹೆಸರಾದ ಇದರ ಪ್ರತಿ ಲೀಟರಿನಲ್ಲಿ 5 ಗ್ರಾಂ ಅಡುಗೆ ಉಪ್ಪು, 4 ಗ್ರಾಂ ಸೋಡಿಯಂ ಬೈಕಾರ್ಬೊನೇಟ್, 1 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಉಳಿದವರಿಗೆ ಓಆರ್‌ಎಸ್ ಕುಡಿಸಿದರೆ ಸಾಕು.

ರೋಗಿಗಳನ್ನು ಮಲಗಿಸುವ ‘ಕಾಲರಾ ಮಂಚ’ ನೋಡಲು ಸರಳ. ಮಂಚದ ನಡುವೆ ಒಂದು ರಂಧ್ರ, ಕೆಳಗೆ ಅಳತೆಯ ಬಕೆಟ್. ಹೊರಹೋದ ನೀರೆಷ್ಟು ಎಂದು ಬಕೆಟ್ ತಿಳಿಸುತ್ತದೆ, ಅಷ್ಟನ್ನು ಮರಳಿ ದೇಹಕ್ಕೆ ಸೇರಿಸಬೇಕು. ಚಿಕಿತ್ಸೆಗೆಂದು ಮಾಡುವ ಈ ಅಳತೆಯೇ ಸಂಶೋಧನೆಗೂ ಒದಗಿತು. ಬಾಯಿಯ ಮೂಲಕ ಕೊಡುವ ಸಕ್ಕರೆ ಮತ್ತು ಉಪ್ಪಿನ ದ್ರಾವಣವು ಕಾಲರಾ ರೋಗಿಗಳಿಗೆ ಬೇಕಾಗುವ ಸಲೈನಿನ ಪ್ರಮಾಣವನ್ನು ಬಹುಮಟ್ಟಿಗೆ ತಗ್ಗಿಸಬಲ್ಲದು ಎಂಬುದನ್ನು ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಮತ್ತು ಸಂಗಡಿಗರು 1968ರಲ್ಲಿ ತೋರಿಸಿಕೊಟ್ಟದ್ದು ಢಾಕಾದ ಈ ಪ್ರಯೋಗಾಲಯದ ರೋಗಿಗಳಲ್ಲಿ, ಒಳಹೋದ ಮತ್ತು ಹೊರಬಂದ ದ್ರವಗಳ ಇಂತಹ ಲೆಕ್ಕದಿಂದಲೇ. 1971ರಲ್ಲಿ ದಿಲೀಪ್ ಮಹಲನಬಿಸ್ ಅವರು ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಅದನ್ನು ಸಾವಿರಾರು ಮಂದಿಗೆ ಬಳಸಿದರು. ಅವರು ಮುಂದೆ ಢಾಕಾದ ಸಂಸ್ಥೆಯಲ್ಲಿ ಚಿಕಿತ್ಸಾ ಸಂಶೋಧನೆಯ ನೇತೃತ್ವವನ್ನೂ ವಹಿಸಿದ್ದರು.

ಚಿಕಿತ್ಸೆ ಮತ್ತು ಕಣ್ಗಾವಲಿನ ಸಂಬಂಧ

ಓಆರ್‌ಎಸ್‌ನ ಯಶಸ್ಸಿನಲ್ಲೇ ಕಣ್ಗಾವಲಿಗೆ ಒಂದು ತೊಡಕು ಅಡಗಿದೆ. ರೋಗಾಣು ಯಾವುದೇ ಆಗಿರಲಿ, ಕಳೆದುಕೊಂಡ ನೀರು ಮತ್ತು ಲವಣವನ್ನು ಮರಳಿ ಕೊಟ್ಟರೆ ಬಹುಪಾಲು ರೋಗಿಗಳು ಚೇತರಿಸಿಕೊಳ್ಳುತ್ತಾರೆ. ಹೀಗಾಗಿ ಸಾಮಾನ್ಯ ಆಸ್ಪತ್ರೆಯ ವೈದ್ಯರಿಗೆ ಮಲಪರೀಕ್ಷೆ ಮಾಡಿಸುವ ಅಗತ್ಯ ಬೀಳುವುದಿಲ್ಲ. ಪರೀಕ್ಷೆಯ ಫಲಿತಾಂಶ ಬರಲು ಒಂದೆರಡು ದಿನ ಬೇಕು; ಅಷ್ಟರಲ್ಲಿ ರೋಗಿ ಮನೆ ಸೇರಿರುತ್ತಾನೆ. ರೋಗಿಯ ದೃಷ್ಟಿಯಿಂದ ಇದು ಒಳ್ಳೆಯ ಸುದ್ದಿಯೇ. ಆದರೆ ಊರಿನಲ್ಲಿ ಹರಡುತ್ತಿರುವುದು ಕಾಲರಾವೋ, ರೋಟಾವೈರಸ್ಸೋ, ಶಿಗೆಲ್ಲವೋ ಎಂಬುದು ಯಾರಿಗೂ ತಿಳಿಯದೆ ಉಳಿಯುತ್ತದೆ. ರಿಜಿಸ್ಟರಿನಲ್ಲಿ ‘ವಾಂತಿಭೇದಿ’ ಎಂಬ ಒಂದೇ ಪದ.

ಸಂಶೋಧನಾ ಸಂಸ್ಥೆಯ ಆಸ್ಪತ್ರೆ ಈ ಕೊರತೆಯನ್ನು ತುಂಬುತ್ತದೆ. ವಾರ್ಡಿನ ಮಗ್ಗುಲಲ್ಲೇ ಪ್ರಯೋಗಾಲಯವಿರುವುದರಿಂದ ಮಾದರಿ ಹಳಸುವ ಮೊದಲೇ ಅಲ್ಲಿಗೆ ತಲುಪುತ್ತದೆ. ಇದರ ಇನ್ನೊಂದು ಮಗ್ಗುಲೂ ಅಷ್ಟೇ ನಿಜ: ಆಸ್ಪತ್ರೆ ಇಲ್ಲದ ಪ್ರಯೋಗಾಲಯಕ್ಕೆ ಮಾದರಿಗಳೇ ಸಿಗುವುದಿಲ್ಲ. ರೋಗಿ ಬರುವುದು ಜೀವ ಉಳಿಸಿಕೊಳ್ಳಲು, ಅಂಕಿಅಂಶ ಒದಗಿಸಲು ಅಲ್ಲ. ಚಿಕಿತ್ಸೆ ಉಚಿತವಾಗಿ, ಹಗಲು ರಾತ್ರಿ ಸಿಗುತ್ತದೆಂಬ ನಂಬಿಕೆ ಇರುವುದರಿಂದಲೇ ಕೊಳೆಗೇರಿಯ ತಾಯಿ ಮಗುವನ್ನೆತ್ತಿಕೊಂಡು ಅಲ್ಲಿಗೆ ಓಡಿ ಬರುತ್ತಾಳೆ. ಆ ನಂಬಿಕೆ ಕುಸಿದರೆ ರೋಗಿಗಳೊಂದಿಗೆ ಮಾಹಿತಿಯೂ ನಿಂತುಹೋಗುತ್ತದೆ.

ಮಾದರಿ ಆಯ್ಕೆಯ ಕ್ರಮ

1979ರಲ್ಲಿ ಪ್ರತಿ 25ನೆಯ ರೋಗಿಯನ್ನು, ಅಂದರೆ ನೂರಕ್ಕೆ ನಾಲ್ಕು ಮಂದಿಯನ್ನು ಆರಿಸಲಾಗುತ್ತಿತ್ತು. ರೋಗಿಗಳ ಸಂಖ್ಯೆ ಏರಿದ ಮೇಲೆ 1996ರಿಂದ ಪ್ರತಿ 50ನೆಯವರನ್ನು, ಅಂದರೆ ನೂರಕ್ಕೆ ಇಬ್ಬರನ್ನು ಆರಿಸುವ ಕ್ರಮ ಬಂದಿತು. ರೋಗ ಎಷ್ಟು ತೀವ್ರ, ವಯಸ್ಸೆಷ್ಟು, ಗಂಡೋ ಹೆಣ್ಣೋ ಎಂಬ ಯಾವ ವಿಚಾರವೂ ಆಯ್ಕೆಯಲ್ಲಿ ಬರುವುದಿಲ್ಲ. ಸರದಿಯ ಸಂಖ್ಯೆಯೊಂದೇ ಮಾನದಂಡ. ವೈದ್ಯರು ‘ಕುತೂಹಲಕಾರಿ’ ಎನಿಸಿದವರನ್ನಷ್ಟೇ ಆರಿಸಿದ್ದರೆ ಎಷ್ಟು ಸಾವಿರ ಮಾದರಿಗಳಿದ್ದರೂ ಅವು ಒಟ್ಟು ರೋಗಿಗಳ ಚಿತ್ರಣ ನೀಡುತ್ತಿರಲಿಲ್ಲ. ಕ್ರಮಬದ್ಧ ಆಯ್ಕೆಯಿಂದಾಗಿ ದೊರೆತ ಸಂಖ್ಯೆಯನ್ನು ಐವತ್ತರಿಂದ ಗುಣಿಸಿದರೆ ಆಸ್ಪತ್ರೆಯ ಒಟ್ಟು ಕಾಲರಾ ರೋಗಿಗಳ ಅಂದಾಜು ಸಿಗುತ್ತದೆ.

ಆಯ್ಕೆಯಾದ ರೋಗಿಗೆ ಮೊದಲು ಚಿಕಿತ್ಸೆ. ಆಮೇಲೆ ಆರೋಗ್ಯ ಸಹಾಯಕರು ರೋಗಿಯನ್ನು ಅಥವಾ ಜೊತೆಗಿರುವವರನ್ನು ಮಾತನಾಡಿಸಿ ಮನೆಯ ಸ್ಥಿತಿಗತಿ, ಆದಾಯ, ಶೌಚಾಲಯ, ನೀರಿನ ಮೂಲ, ಮಗುವಿಗೆ ಎದೆಹಾಲು ಕೊಡುತ್ತಿರುವರೇ, ಬರುವ ಮೊದಲು ಯಾವ ಔಷಧ ಅಥವಾ ದ್ರವ ಕೊಟ್ಟರು ಎಂಬಿತ್ಯಾದಿಗಳನ್ನು ದಾಖಲಿಸುತ್ತಾರೆ. ತೂಕ, ಎತ್ತರಗಳನ್ನು ಅಳೆಯಲಾಗುತ್ತದೆ. ಹೀಗೆ ಒಂದೇ ದಾಖಲೆಯಲ್ಲಿ ರೋಗಾಣುವಿನ ಜೊತೆಗೆ ಅಪೌಷ್ಟಿಕತೆಯ ಲೆಕ್ಕವೂ ಸೇರುತ್ತದೆ.

ಮಲದ ಮಾದರಿಯಲ್ಲಿ ಕಾಲರಾ ರೋಗಾಣುವಾದ ವಿಬ್ರಿಯೋ ಕಾಲರೇ, ಆಮಶಂಕೆ ತರುವ ಶಿಗೆಲ್ಲ, ಸಾಲ್ಮೊನೆಲ್ಲ, ವಿಷ ಉತ್ಪಾದಿಸುವ ಇ. ಕೋಲೈ ಹಾಗೂ ರೋಟಾವೈರಸ್‌ಗಳನ್ನು ಹುಡುಕಲಾಗುತ್ತದೆ. ಟಿಸಿಬಿಎಸ್ ಎಂಬ ಮಾಧ್ಯಮದಲ್ಲಿ ಬೆಳೆಸಿದಾಗ ಕಾಲರಾ ರೋಗಾಣು ಹಳದಿ ಬಣ್ಣದ ಚುಕ್ಕೆಗಳಾಗಿ ಕಾಣುತ್ತದೆ. ಬೆಳೆದ ಬ್ಯಾಕ್ಟೀರಿಯಾಗಳ ಮೇಲೆ ವಿವಿಧ ಪ್ರತಿಜೀವಕಗಳನ್ನು ಪ್ರಯೋಗಿಸಿ ಯಾವುದಕ್ಕೆ ಅವು ಜಗ್ಗುತ್ತವೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದೂ ನೋಡಲಾಗುತ್ತದೆ.

ಮತ್ಲಬ್

ಢಾಕಾ ಆಸ್ಪತ್ರೆಯ ಲೆಕ್ಕದಲ್ಲಿ ಒಂದು ಮೂಲಭೂತ ಕೊರತೆಯಿದೆ. ಎಷ್ಟು ಜನ ಬಂದರೆಂದು ಗೊತ್ತು, ಎಷ್ಟು ಜನಸಂಖ್ಯೆಯಿಂದ ಬಂದರೆಂದು ಗೊತ್ತಿಲ್ಲ. ಗಣಿತದ ಭಾಷೆಯಲ್ಲಿ ಅಂಶವಿದೆ, ಛೇದವಿಲ್ಲ. ಮತ್ಲಬ್‌ನಲ್ಲಿ ಛೇದವೂ ಇದೆ. 1966ರಿಂದ ಅಲ್ಲಿ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜನನ, ಮರಣ, ಮದುವೆ, ವಲಸೆಗಳನ್ನು ದಾಖಲಿಸುತ್ತಾ ಬಂದಿದ್ದಾರೆ; ಎರಡು ಲಕ್ಷಕ್ಕೂ ಮಿಕ್ಕಿದ ಜನ ಈ ಲೆಕ್ಕದಲ್ಲಿದ್ದಾರೆ. ಪ್ರತಿಯೊಬ್ಬರಿಗೂ ಗುರುತಿನ ಸಂಖ್ಯೆ ಇದೆ. ಈ ಪ್ರದೇಶದ ನಿವಾಸಿಗಳು ವಾಂತಿಭೇದಿಯಿಂದ ಮತ್ಲಬ್ ಆಸ್ಪತ್ರೆಗೆ ಬಂದರೆ ಐವತ್ತರಲ್ಲಿ ಒಬ್ಬರನ್ನಲ್ಲ, ಎಲ್ಲರನ್ನೂ ಕಣ್ಗಾವಲಿಗೆ ಸೇರಿಸಲಾಗುತ್ತದೆ. ರಸ್ತೆಗಳಿಗಿಂತ ಕಾಲುವೆಗಳೇ ಹೆಚ್ಚಾಗಿದ್ದ ಕಾಲದಲ್ಲಿ ರೋಗಿಗಳನ್ನು ತರಲು ವೇಗದ ಯಂತ್ರದೋಣಿಗಳೇ ಆಂಬುಲೆನ್ಸ್‌ಗಳಾಗಿದ್ದವು.

ಮನೆಯ ದಾಖಲೆಯನ್ನೂ ಆಸ್ಪತ್ರೆಯ ದಾಖಲೆಯನ್ನೂ ಜೋಡಿಸಬಹುದಾದ್ದರಿಂದ ಬೇರೆಡೆ ಕೇಳಲಾಗದ ಪ್ರಶ್ನೆಗಳನ್ನು ಇಲ್ಲಿ ಕೇಳಬಹುದು. ರೀಟಾ ಕೋಲ್ವೆಲ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನಿದರ್ಶನ. ಹಳೆಯ ಸೀರೆಯನ್ನು ಮಡಿಸಿ ಅದರಲ್ಲಿ ನೀರನ್ನು ಸೋಸಿ ಬಳಸಿದ ಹಳ್ಳಿಗಳಲ್ಲಿ ಕಾಲರಾ 48% ಕಡಿಮೆಯಾದದ್ದು ಕಂಡುಬಂದಿತು. ಕಾಲರಾ ರೋಗಾಣು ನೀರಿನಲ್ಲಿರುವ ಸೂಕ್ಷ್ಮ ಪ್ಲವಕಗಳಿಗೆ ಅಂಟಿಕೊಂಡಿರುವುದರಿಂದ ಬಟ್ಟೆ ಅವನ್ನು ಹಿಡಿದುಬಿಡುತ್ತದೆ. ನವೆದ ಹಳೆಯ ಸೀರೆಯೇ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ ಎಂಬುದು ಗೃಹಿಣಿಯರಿಗೆ ಆಶ್ಚರ್ಯವೆನಿಸದು.

1992–93ರ ಹೊಸ ಕಾಲರಾ

ವ್ಯವಸ್ಥೆಯ ಬೆಲೆ ಸ್ಪಷ್ಟವಾಗಿ ತಿಳಿದುಬಂದದ್ದು ಈ ಅವಧಿಯಲ್ಲಿ. ವಿಬ್ರಿಯೋ ಕಾಲರೇ ಬ್ಯಾಕ್ಟೀರಿಯಾವನ್ನು ಅದರ ಹೊರಪದರದ ರಚನೆಗೆ ಅನುಗುಣವಾಗಿ ಹಲವು ಗುಂಪುಗಳಾಗಿ ವಿಂಗಡಿಸುತ್ತಾರೆ. ಆಗ 138 ಗುಂಪುಗಳು ಗೊತ್ತಿದ್ದವು. ಅವುಗಳಲ್ಲಿ ಓ1 ಗುಂಪಿನದು ಮಾತ್ರ ಸಾಂಕ್ರಾಮಿಕ ಕಾಲರಾ ಉಂಟುಮಾಡುತ್ತದೆ, ಉಳಿದವು ಅಲ್ಲಲ್ಲಿ ಬಿಡಿ ಪ್ರಕರಣಗಳಿಗಷ್ಟೇ ಕಾರಣ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಪ್ರಯೋಗಾಲಯದಲ್ಲಿ ಓ1 ಪ್ರತಿಸೀರಮ್ ಬೆರೆಸಿದಾಗ ಬ್ಯಾಕ್ಟೀರಿಯಾ ಗುಂಪುಗೂಡಿದರೆ ಕಾಲರಾ, ಗುಂಪುಗೂಡದಿದ್ದರೆ ಚಿಂತೆಯಿಲ್ಲ.

1992ರ ಅಕ್ಟೋಬರ್ ವೇಳೆಗೆ ಮದ್ರಾಸಿನಲ್ಲಿ (ಈಗಿನ ಚೆನ್ನೈ) ಕಾಲರಾದ ಎಲ್ಲ ಲಕ್ಷಣಗಳಿದ್ದ ರೋಗಿಗಳ ಮಾದರಿಗಳಲ್ಲಿ ಓ1 ಪ್ರತಿಸೀರಮ್‌ಗೆ ಸ್ಪಂದಿಸದ ವಿಬ್ರಿಯೋ ಕಂಡುಬಂದಿತು. ವೆಲ್ಲೂರು, ಮಧುರೈ, ಕಲ್ಕತ್ತಾಗಳಲ್ಲೂ ಅದೇ ಕಥೆ. ಡಿಸೆಂಬರಿನಲ್ಲಿ ಬಾಂಗ್ಲಾದೇಶದ ದಕ್ಷಿಣ ಕರಾವಳಿಯಲ್ಲಿ ರೋಗ ಹಬ್ಬಿತು. 1993ರ ಆರಂಭದಲ್ಲಿ ಢಾಕಾ ಆಸ್ಪತ್ರೆಗೆ ಇಂತಹ ರೋಗಿಗಳು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದರು. ಗೊತ್ತಿದ್ದ 138 ಗುಂಪುಗಳ ಯಾವ ಪ್ರತಿಸೀರಮ್‌ಗೂ ಸ್ಪಂದಿಸದ ಈ ರೋಗಾಣುವಿಗೆ 139 ಎಂಬ ಹೊಸ ಸಂಖ್ಯೆಯನ್ನು ಕೊಡಲಾಯಿತು. ಬಂಗಾಳ ಕೊಲ್ಲಿಯ ತೀರದಲ್ಲಿ ಕಾಣಿಸಿಕೊಂಡದ್ದರಿಂದ ‘ಓ139 ಬೆಂಗಾಲ್’ ಎಂದು ಹೆಸರಾಯಿತು.

ರೋಗಿಗಳ ವಯಸ್ಸು ಇನ್ನೊಂದು ಸುಳಿವು ನೀಡಿತು. ಕಾಲರಾ ನೆಲೆನಿಂತ ಪ್ರದೇಶಗಳಲ್ಲಿ ಅದು ಮಕ್ಕಳನ್ನೇ ಹೆಚ್ಚಾಗಿ ಕಾಡುತ್ತದೆ. ದೊಡ್ಡವರಿಗೆ ಹಿಂದಿನ ಸೋಂಕುಗಳಿಂದ ಬಂದ ರೋಗನಿರೋಧಕ ಶಕ್ತಿ ಇರುತ್ತದೆ. ಈ ಬಾರಿ ವಯಸ್ಕರೇ ಹೆಚ್ಚಾಗಿದ್ದರು. ಓ1 ವಿರುದ್ಧ ಗಳಿಸಿದ್ದ ರಕ್ಷಣೆ ಹೊಸ ರೋಗಾಣುವಿನ ಮುಂದೆ ನಡೆಯಲಿಲ್ಲ ಎಂದು ಇದರಿಂದ ಊಹಿಸಲಾಯಿತು. ಹಿಂದಿನ ಹನ್ನೆರಡು ಹದಿಮೂರು ವರ್ಷ ರೋಗಿಗಳ ವಯಸ್ಸನ್ನು ಒಂದೇ ರೀತಿಯಲ್ಲಿ ಬರೆದಿಟ್ಟಿರದಿದ್ದರೆ ‘ಈ ಬಾರಿ’ ಎಂಬ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಯಾವ ಏರಿಳಿತವೂ ಇಲ್ಲದ ವರ್ಷಗಳ ನೀರಸ ದಾಖಲೆ ಉಪಯೋಗಕ್ಕೆ ಬರುವುದು ಇಂತಹ ಗಳಿಗೆಯಲ್ಲಿ.

ಅದೃಷ್ಟವಶಾತ್ ಚಿಕಿತ್ಸೆ ಮಾತ್ರ ಹಳೆಯದೇ. ರೋಗಾಣು ಹೊಸದಾದರೂ ಓಆರ್‌ಎಸ್ ಮತ್ತು ಸಲೈನ್ ಅಷ್ಟೇ ಫಲಕಾರಿಯಾದವು. ಎಂಟನೆಯ ಜಾಗತಿಕ ಪಿಡುಗು ಆರಂಭವಾಯಿತೆಂದು ಹಲವರು ಭಾವಿಸಿದ್ದರೂ ಹಾಗಾಗಲಿಲ್ಲ. ಓ1 ಎಲ್ ಟಾರ್ ಮತ್ತೆ ಮೇಲುಗೈ ಪಡೆಯಿತು. 2002ರಲ್ಲಿ ಢಾಕಾದಲ್ಲಿ ಓ139 ಮತ್ತೊಮ್ಮೆ ತಲೆಯೆತ್ತಿ ಆಮೇಲೆ ವಿರಳವಾಯಿತು. ಆದರೂ ಮುಂದೆ ಭಾರತದಲ್ಲಿ ತಯಾರಾದ ಶಾಂಕಾಲ್ ಎಂಬ ಬಾಯಿಯ ಮೂಲಕ ಕೊಡುವ ಲಸಿಕೆಯಲ್ಲಿ ಓ1 ಜೊತೆಗೆ ಓ139 ಅನ್ನೂ ಸೇರಿಸಲಾಯಿತು.

ರೋಗಾಣುವಿನ ಇತರ ರೂಪಾಂತರಗಳೂ ಈ ದಾಖಲೆಗಳಲ್ಲಿ ಸೆರೆಯಾಗಿವೆ. ಕಣ್ಮರೆಯಾಯಿತೆಂದುಕೊಂಡಿದ್ದ ಹಳೆಯ ‘ಕ್ಲಾಸಿಕಲ್’ ಬಗೆಯ ಕಾಲರಾ 1982ರಲ್ಲಿ ಬಾಂಗ್ಲಾದೇಶದಲ್ಲಿ ಮರಳಿ ಬಂದಿತು. ಎಲ್ ಟಾರ್ ಮತ್ತು ಕ್ಲಾಸಿಕಲ್ ಎರಡರ ಗುಣಗಳನ್ನೂ ಹೊಂದಿದ ತಳಿಗಳನ್ನು ಜಿ. ಬಾಲಕೃಷ್ ನಾಯರ್ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದರು. ಅವು ದೊರೆತದ್ದು ಮತ್ಲಬ್‌ನ ರೋಗಿಗಳಲ್ಲಾದ್ದರಿಂದ ‘ಮತ್ಲಬ್ ತಳಿಗಳು’ ಎಂದೇ ಹೆಸರಾದವು.

ಪ್ರತಿಜೀವಕ ನಿರೋಧಕತೆ

ತೀವ್ರ ಕಾಲರಾದಲ್ಲಿ ಪ್ರತಿಜೀವಕವು ಭೇದಿಯ ಅವಧಿಯನ್ನೂ ಪ್ರಮಾಣವನ್ನೂ ತಗ್ಗಿಸುತ್ತದೆ. ಆಮಶಂಕೆಯಲ್ಲಿ ಅದು ಇನ್ನೂ ಮುಖ್ಯ. ಆದರೆ ಯಾವುದನ್ನು ಕೊಡಬೇಕು? ವಾರ್ಡಿನಲ್ಲಿ ರೋಗಿಯ ಫಲಿತಾಂಶಕ್ಕೆ ಕಾಯುವಂತಿಲ್ಲ. ಆದ್ದರಿಂದ ಹಿಂದಿನ ವಾರಗಳಲ್ಲಿ ಬಂದವರ ರೋಗಾಣುಗಳು ಯಾವ ಔಷಧಕ್ಕೆ ಜಗ್ಗಿದವು ಎಂಬುದನ್ನು ಆಧರಿಸಿ ಇಂದಿನವರಿಗೆ ಔಷಧ ಕೊಡಬೇಕಾಗುತ್ತದೆ. ಕಣ್ಗಾವಲು ಇಲ್ಲಿ ನೇರವಾಗಿ ಹಾಸಿಗೆಯ ಬಳಿಗೆ ಮರಳುತ್ತದೆ. ಮಾದರಿ ಕೊಟ್ಟ ಐವತ್ತನೆಯ ರೋಗಿಗೆ ಅದರಿಂದ ಲಾಭ ಕಡಿಮೆ. ಮುಂದಿನ ತಿಂಗಳು ಬರುವ ಅಪರಿಚಿತರಿಗೆ ಹೆಚ್ಚು.

ಒಂದೇ ಬಾರಿ ಕೊಟ್ಟರೆ ಸಾಕೆನಿಸಿದ್ದ ಸಿಪ್ರೊಫ್ಲಾಕ್ಸಾಸಿನ್ 1990ರ ದಶಕದಲ್ಲಿ ಇಲ್ಲಿ ಉತ್ತಮ ಫಲ ನೀಡಿತ್ತು. ಕೆಲವೇ ವರ್ಷಗಳಲ್ಲಿ ಅದರ ಪ್ರಭಾವ ಕುಗ್ಗಿತು. ಢಾಕಾ ಮತ್ತು ಮತ್ಲಬ್ ಆಸ್ಪತ್ರೆಗಳಲ್ಲಿ ವಯಸ್ಕ ಪುರುಷರಲ್ಲಿ ನಡೆಸಿ 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಜಿತ್ರೊಮೈಸಿನ್ ಪಡೆದವರಲ್ಲಿ 73% ಮಂದಿಗೆ ಗುಣ ಕಂಡರೆ, ಸಿಪ್ರೊಫ್ಲಾಕ್ಸಾಸಿನ್ ಪಡೆದವರಲ್ಲಿ 27% ಮಂದಿಗೆ ಮಾತ್ರ ಗುಣ ಕಂಡಿತು. ರಕ್ತಭೇದಿ ತರುವ ಶಿಗೆಲ್ಲದ ವಿಷಯದಲ್ಲೂ ಹೀಗೆಯೇ ಒಂದಾದ ಮೇಲೊಂದು ಔಷಧ ಕೈಬಿಡಬೇಕಾಯಿತು.

ಋತು, ಪ್ರವಾಹ ಮತ್ತು ಹವಾಮಾನ

ಮಳೆಗಾಲಕ್ಕೂ ಕರುಳುಬೇನೆಗೂ ನಂಟು ಕಲ್ಪಿಸುವುದು ರೂಢಿ. ಢಾಕಾದ ದಾಖಲೆ ಇದಕ್ಕಿಂತ ಜಟಿಲವಾಗಿದೆ. ಅಲ್ಲಿ ಕಾಲರಾ ವರ್ಷಕ್ಕೆ ಎರಡು ಬಾರಿ ಏರುತ್ತದೆ: ಮಳೆಗೆ ಮುಂಚಿನ ಬಿಸಿಲಿನ ತಿಂಗಳುಗಳಲ್ಲಿ ಒಮ್ಮೆ, ಮಳೆ ಇಳಿಮುಖವಾದ ಮೇಲೆ ಇನ್ನೊಮ್ಮೆ. ಚಳಿಗಾಲದಲ್ಲಿ ಕಾಲರಾ ತಗ್ಗಿ ಮಕ್ಕಳಲ್ಲಿ ರೋಟಾವೈರಸ್ ಹೆಚ್ಚುತ್ತದೆ. 1988, 1998 ಮತ್ತು 2004ರ ಮಹಾಪ್ರವಾಹಗಳ ಕಾಲದ ದಾಖಲೆಗಳನ್ನು ಹೋಲಿಸಿದಾಗ ಮೂರರಲ್ಲೂ ವಾಂತಿಭೇದಿಗೆ ಅತ್ಯಂತ ಸಾಮಾನ್ಯ ಕಾರಣ ಕಾಲರಾ ಎಂದು ತಿಳಿದುಬಂದಿತು.

ಮರ್ಸಿಡಿಸ್ ಪಾಸ್ಕುವಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ 18 ವರ್ಷಗಳ ಕಾಲರಾ ದಾಖಲೆಯನ್ನು ಬಳಸಿ, ಪೆಸಿಫಿಕ್ ಸಾಗರದ ಎಲ್ ನಿನೊ ವಿದ್ಯಮಾನಕ್ಕೂ ಕಾಲರಾದ ಏರಿಳಿತಕ್ಕೂ ಸಂಬಂಧವಿದೆಯೆಂದು 2000ದಲ್ಲಿ ತೋರಿಸಿದರು. ಶಾ ಫಾರೂಕ್ ಅವರ ತಂಡವು ಢಾಕಾದ ನೀರಿನಲ್ಲಿ ಕಾಲರಾ ರೋಗಾಣುವನ್ನೇ ಕೊಲ್ಲುವ ವೈರಸ್‌ಗಳು (ಬ್ಯಾಕ್ಟೀರಿಯೊಫೇಜ್) ಹೆಚ್ಚಾದಂತೆ ರೋಗ ಇಳಿಯುವುದನ್ನು 2005ರಲ್ಲಿ ವರದಿ ಮಾಡಿತು. ‘ಓ’ ರಕ್ತಗುಂಪಿನವರಿಗೆ ಕಾಲರಾ ಹೆಚ್ಚು ತೀವ್ರವಾಗಿ ಬರುತ್ತದೆ ಎಂಬ 1985ರ ವರದಿಗೂ ಇಲ್ಲಿನ ರೋಗಿಗಳೇ ಆಧಾರ. 1979ರಲ್ಲಿ ನಮೂನೆಗಳನ್ನು ಸಿದ್ಧಪಡಿಸಿದವರು ಎಲ್ ನಿನೊ ಬಗ್ಗೆ ಯೋಚಿಸಿದ್ದಿರಲಾರರು.

ಲಸಿಕೆಗಳು

1985ರಲ್ಲಿ ಮತ್ಲಬ್‌ನಲ್ಲಿ ಮಕ್ಕಳು ಮತ್ತು ಮಹಿಳೆಯರಿಗೆ ಬಾಯಿಯ ಮೂಲಕ ನೀಡುವ ಕಾಲರಾ ಲಸಿಕೆಯ ದೊಡ್ಡ ಪರೀಕ್ಷೆ ನಡೆಯಿತು. ಅರವತ್ತು ಸಾವಿರಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು. ಲಸಿಕೆ ಪಡೆದವರಲ್ಲಿ ಯಾರಿಗೆ ಕಾಲರಾ ಬಂದಿತೆಂದು ತಿಳಿಯಲು ಪ್ರತ್ಯೇಕ ಏರ್ಪಾಡು ಬೇಕಾಗಲಿಲ್ಲ. ರೋಗ ಬಂದರೆ ಅವರು ಸಂಸ್ಥೆಯ ಚಿಕಿತ್ಸಾ ಕೇಂದ್ರಗಳಿಗೇ ಬರುತ್ತಿದ್ದರು. ಮೂರು ವರ್ಷಗಳ ಅವಧಿಯಲ್ಲಿ ಲಸಿಕೆ ಸುಮಾರು ಅರ್ಧದಷ್ಟು ರಕ್ಷಣೆ ನೀಡಿತು. ಇಪ್ಪತ್ತು ವರ್ಷಗಳ ಬಳಿಕ ಅದೇ ದಾಖಲೆಗಳನ್ನು ಮತ್ತೆ ತೆರೆದು ನೋಡಿದಾಗ, ಹೆಚ್ಚು ಮಂದಿ ಲಸಿಕೆ ಪಡೆದಿದ್ದ ನೆರೆಹೊರೆಗಳಲ್ಲಿ ಲಸಿಕೆ ಪಡೆಯದವರಿಗೂ ಕಾಲರಾ ಕಡಿಮೆ ಬಂದಿತ್ತೆಂದು 2005ರಲ್ಲಿ ತಿಳಿದುಬಂದಿತು. ಇದು ಸಾಮುದಾಯಿಕ ಲಸಿಕೆಯ ಪರವಾದ ಬಲವಾದ ವಾದವಾಯಿತು.

ಢಾಕಾದ ಮೀರ್‌ಪುರದಲ್ಲಿ 2011ರಲ್ಲಿ ಆರಂಭವಾದ ಶಾಂಕಾಲ್ ಲಸಿಕೆಯ ಅಧ್ಯಯನವನ್ನು ಫಿರ್ದೌಸಿ ಖಾದ್ರಿ ಅವರು ಮುನ್ನಡೆಸಿದರು. ಅವರಿಗೆ 2021ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2022ರ ಮಾರ್ಚ್‌ನಲ್ಲಿ ಢಾಕಾ ಆಸ್ಪತ್ರೆಗೆ ದಿನವೊಂದಕ್ಕೆ ಬರುವ ರೋಗಿಗಳ ಸಂಖ್ಯೆ ಸಾವಿರ ಮೀರಿತು. ಅದೇ ವರ್ಷ ನಗರದ ಹೆಚ್ಚು ಬಾಧಿತ ಪ್ರದೇಶಗಳಲ್ಲಿ ಸಾಮೂಹಿಕವಾಗಿ ಲಸಿಕೆ ನೀಡಲಾಯಿತು.

ಮಿತಿಗಳು

ಆಸ್ಪತ್ರೆಯನ್ನು ಆಧರಿಸಿದ ಯಾವ ಕಣ್ಗಾವಲೂ ಆಸ್ಪತ್ರೆಗೆ ಬಂದವರನ್ನು ಮಾತ್ರ ಕಾಣುತ್ತದೆ. ಮನೆಯಲ್ಲೇ ಗುಣವಾದವರು, ದೂರದಿಂದಾಗಿ ಬರಲಾಗದವರು, ದಾರಿಯಲ್ಲೇ ಸತ್ತವರು ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಇಲ್ಲಿನ ಅಂಕಿಗಳಲ್ಲಿ ತೀವ್ರ ರೋಗದ, ಹತ್ತಿರದ ಬಡಾವಣೆಗಳ ಪಾಲು ಹೆಚ್ಚು. ಮನೆಯಲ್ಲಿ ಹೆಣ್ಣುಮಗುವನ್ನು ಆಸ್ಪತ್ರೆಗೆ ಒಯ್ಯಲು ಹಿಂದೇಟು ಹಾಕಿದರೆ ದಾಖಲೆಯಲ್ಲಿ ಹೆಣ್ಣುಮಕ್ಕಳಿಗೆ ರೋಗ ಕಡಿಮೆ ಎಂಬ ತಪ್ಪು ಚಿತ್ರ ಮೂಡಬಹುದು. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಪ್ರತಿಜೀವಕ ನುಂಗಿ ಬಂದವರ ಮಲದಲ್ಲಿ ರೋಗಾಣು ಬೆಳೆಯದೆ ಹೋಗಬಹುದು. ಹಾಗೆಂದು ಅವರಿಗೆ ಕಾಲರಾ ಇರಲಿಲ್ಲ ಎನ್ನಲಾಗದು. ಆಸ್ಪತ್ರೆಯ ಖ್ಯಾತಿ ಹೆಚ್ಚಿದರೆ, ರಸ್ತೆ ಸುಧಾರಿಸಿದರೆ ರೋಗ ಹೆಚ್ಚದೆಯೂ ರೋಗಿಗಳ ಸಂಖ್ಯೆ ಏರಬಹುದು. ನೂರಕ್ಕೆ ಇಬ್ಬರ ಆಯ್ಕೆಯಲ್ಲಿ ತೀರಾ ಅಪರೂಪದ ರೋಗಾಣುಗಳು ತಪ್ಪಿಹೋಗುವ ಸಾಧ್ಯತೆಯೂ ಇದೆ.

ನೈತಿಕ ಪ್ರಶ್ನೆಯೂ ಇದೆ. ಬೇರೆ ಗತಿಯಿಲ್ಲದೆ ಬಂದ ಬಡ ರೋಗಿಯ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವತಂತ್ರ? ಸಂಶೋಧನೆಗೆ ಒಪ್ಪದಿದ್ದರೂ ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಆಗಬಾರದು ಎಂಬುದು ಇಂತಹ ಸಂಸ್ಥೆಗಳೆಲ್ಲ ಪಾಲಿಸಬೇಕಾದ ನಿಯಮ. ಕಾಗದದ ಮೇಲೆ ಇದು ಸುಲಭ. ಕಿಕ್ಕಿರಿದ ವಾರ್ಡಿನಲ್ಲಿ ಅದನ್ನು ರೋಗಿಗೆ ಮನದಟ್ಟಾಗುವಂತೆ ಹೇಳುವುದು ದಾದಿಯ ಸಹನೆಯನ್ನು ಅವಲಂಬಿಸಿದೆ.

ಹಣಕಾಸು

ಸಂಸ್ಥೆಯು ಬಾಂಗ್ಲಾದೇಶ ಸರ್ಕಾರ, ವಿದೇಶಿ ಸರ್ಕಾರಗಳು ಮತ್ತು ದತ್ತಿಗಳ ನೆರವಿನಿಂದ ನಡೆಯುತ್ತದೆ. 2001ರಲ್ಲಿ ಜಾಗತಿಕ ಆರೋಗ್ಯಕ್ಕಾಗಿ ನೀಡುವ ಗೇಟ್ಸ್ ಪ್ರಶಸ್ತಿಯ ಮೊದಲ ಪುರಸ್ಕಾರವೂ 2017ರಲ್ಲಿ ಕಾನ್ರಾಡ್ ಎನ್. ಹಿಲ್ಟನ್ ಮಾನವೀಯ ಪ್ರಶಸ್ತಿಯೂ ಅದಕ್ಕೆ ಸಂದವು. ದಾನಿಗಳು ಸಾಮಾನ್ಯವಾಗಿ ಎರಡು ಮೂರು ವರ್ಷಗಳ ಯೋಜನೆಗಳಿಗೆ ಹಣ ಕೊಡಲು ಮುಂದಾಗುತ್ತಾರೆ. ಕಣ್ಗಾವಲಿಗೆ ಮುಕ್ತಾಯದ ದಿನಾಂಕವೇ ಇಲ್ಲ. ಏನೂ ಆಗದ ವರ್ಷದಲ್ಲಿ ಅದು ವ್ಯರ್ಥ ಖರ್ಚಿನಂತೆ ಕಾಣುತ್ತದೆ. 2025ರ ಆರಂಭದಲ್ಲಿ ಅಮೆರಿಕ ಸರ್ಕಾರವು ವಿದೇಶಿ ನೆರವನ್ನು ತಡೆಹಿಡಿದಾಗ, ಆ ಹಣದಿಂದ ನಡೆಯುತ್ತಿದ್ದ ಸಂಸ್ಥೆಯ ಯೋಜನೆಗಳ ಸುಮಾರು ಸಾವಿರ ಮಂದಿ ಸಿಬ್ಬಂದಿ ಕೆಲಸ ಕಳೆದುಕೊಂಡರು.

ಸಂಬಂಧಿತ ಪ್ರಯತ್ನಗಳು

ಸಂಸ್ಥೆಗೆ ತನ್ನದೇ ಆಸ್ಪತ್ರೆ ಇಲ್ಲದೆಡೆ ಬೇರೆ ಆಸ್ಪತ್ರೆಗಳೊಂದಿಗೆ ಸೇರಿ ಕೆಲಸ ಮಾಡುವ ಕ್ರಮವೂ ಇದೆ. 2001ರಲ್ಲಿ ಬಾಂಗ್ಲಾದೇಶದ ಮೆಹರ್‌ಪುರದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ನಿಪಾ ವೈರಸ್‌ಗಾಗಿ, 2006ರಿಂದ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆಯಾದ ಐಇಡಿಸಿಆರ್ ಜೊತೆಗೂಡಿ ಆಯ್ದ ಆಸ್ಪತ್ರೆಗಳಲ್ಲಿ ಕಣ್ಗಾವಲು ನಡೆಸಲಾಗುತ್ತಿದೆ. ಬಾವಲಿಗಳು ಮುಟ್ಟಿದ ಹಸಿ ಖರ್ಜೂರದ ರಸವನ್ನು ಕುಡಿಯುವುದು ಅಲ್ಲಿ ರೋಗ ಬರುವ ಮುಖ್ಯ ದಾರಿಯೆಂದು ಗುರುತಿಸಲಾಗಿದೆ. ಮಕ್ಕಳ ತೀವ್ರ ಅತಿಸಾರದ ಕಾರಣಗಳನ್ನು ಏಷ್ಯಾ ಮತ್ತು ಆಫ್ರಿಕಾದ ಏಳು ದೇಶಗಳಲ್ಲಿ ಹುಡುಕಿದ ಜೆಮ್ಸ್ ಅಧ್ಯಯನದ ಬಾಂಗ್ಲಾದೇಶದ ಭಾಗವು ಮಿರ್ಜಾಪುರದ ಕುಮುದಿನಿ ಆಸ್ಪತ್ರೆಯಲ್ಲಿ, ಭಾರತದ ಭಾಗವು ಕೊಲ್ಕತ್ತಾದಲ್ಲಿ ನಡೆಯಿತು. 2013ರಲ್ಲಿ ಪ್ರಕಟವಾದ ಅದರ ಫಲಿತಾಂಶಗಳು ರೋಟಾವೈರಸ್, ಕ್ರಿಪ್ಟೊಸ್ಪೊರಿಡಿಯಂ, ವಿಷಕಾರಕ ಇ. ಕೋಲೈ ಮತ್ತು ಶಿಗೆಲ್ಲಗಳನ್ನು ಪ್ರಮುಖ ಕಾರಣಗಳೆಂದು ಹೆಸರಿಸಿದವು. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿಗೆ ಆ ಪಟ್ಟಿಯಲ್ಲಿ ಅಷ್ಟು ಮೇಲಿನ ಸ್ಥಾನವನ್ನು ಹೆಚ್ಚಿನವರು ನಿರೀಕ್ಷಿಸಿರಲಿಲ್ಲ.